ದೊಡ್ಡ ಗಾಡಿಯ ಮೈಲಿಗೆ

ತಿಂಗಳಿಗೆ ಮೂರು ದಿನ ಹೆಂಗಸರು ಆಚೆ ಕೂರುವ ಪದ್ಧತಿ ನಮ್ಮ ಮನೆಯಿಂದ ಅಜ್ಜಿಯ ಜೊತೆಗೇ ಹೋಗಿತ್ತು. ಅಜ್ಜಿ ಇರುವ ತನಕ ಅವ್ವ ಮುಟ್ಟಾದಾಗ ಹಿತ್ತಿಲ ಬಾಗಿಲ ಪಕ್ಕದ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂರಬೇಕಿತ್ತು. ತಟ್ಟೆ ಬೇರೆ, ಲೋಟ ಬೇರೆ, ಮಾತೂ ದೂರದಿಂದಲೇ. ಅಜ್ಜಿಯ ತಿಥಿ ಮುಗಿದ ಮುಂದಿನ ತಿಂಗಳು ಅವ್ವ ಯಾರನ್ನೂ ಕೇಳಲಿಲ್ಲ, ಒಲೆ ಮುಂದೆ ಕೂತು ಮುದ್ದೆ ತೊಳಸಿದಳು. ಅಪ್ಪ ಉಂಡ. ಗೊತ್ತಿದ್ದೇ ಉಂಡ ಎಂದು ಅವ್ವ ನಗುತ್ತಾ ಹೇಳುತ್ತಿದ್ದಳು. ಆ ಮೂರು ದಿನ ಅವಳು ಬಿಟ್ಟದ್ದು ದೇವರ ಗೂಡಿನ ಹತ್ತಿರ ಹೋಗುವುದೊಂದನ್ನೇ. ಚಾಪೆಯ ಮೂಲೆಯಲ್ಲಿ ಈರುಳ್ಳಿ ಹರವಿದಳು. ಅಕ್ಕ, ನಾನು ದೊಡ್ಡವರಾದಾಗ ಆ ಮೂಲೆ ನಮಗೆ ಈರುಳ್ಳಿ ತರುವ ಜಾಗವಾಗಿತ್ತು. ಹೀಗೆ ಜಗಳವೇ ಇಲ್ಲದೆ ಹೋಗಿದ್ದ ಮೈಲಿಗೆಯನ್ನು ಮತ್ತೆ ನಮ್ಮ ಮನೆಗೆ ತಂದವರು ಯಾವ ಮುದುಕಿಯೂ ಅಲ್ಲ, ಪೂಜಾರಿಯೂ ಅಲ್ಲ. ಎಸಿ ಇದ್ದ, ಚರ್ಮದ ಸೀಟಿದ್ದ, ಗುಂಡಿ ಒತ್ತಿದರೆ ಗಾಜು ಇಳಿಯುತ್ತಿದ್ದ ಒಂದು ವಿದೇಶಿ ಗಾಡಿ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಹನಗೋಡಿನ ಹತ್ತಿರದ ಒಂದು ಊರು. ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ ಊರಿನ ಕೆಲವರು ಟ್ರ್ಯಾಕ್ಟರ್ ತಂದರು, ಕೆಲವರು ತಾರಸಿ ಹಾಕಿಸಿದರು. ಅಪ್ಪ ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೋಗಿ, ಕಾಫಿ ತೋಟದ ಒಬ್ಬ ಸಾಹುಕಾರರು ಓಡಿಸಿ ಬಿಟ್ಟಿದ್ದ ಆ ಕಪ್ಪು ಗಾಡಿಯನ್ನು ತಂದ. ಊರಿನವರೆಲ್ಲ ಅದನ್ನು ದೊಡ್ಡ ಗಾಡಿ ಎಂದೇ ಕರೆದರು. ಜಗಲಿಯ ಎತ್ತರಕ್ಕೆ ಅದರ ಬಾನೆಟ್ಟಿತ್ತು. ಮಳೆ ಬಿಸಿಲಿಗೆ ನಿಲ್ಲಿಸುವ ಗಾಡಿ ಅಲ್ಲ ಎಂದು ಅಪ್ಪ ಮೊದಲು ಮಾಡಿದ ಕೆಲಸ ನಮ್ಮ ಗ್ರೇಡಿಂಗ್ ಶೆಡ್ಡನ್ನು ಅದಕ್ಕೆ ಬಿಟ್ಟುಕೊಟ್ಟದ್ದು. ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಲು ಅವ್ವ ಮತ್ತು ಕೂಲಿ ಹೆಂಗಸರು ಕೂರುತ್ತಿದ್ದ ಜಾಗ ಅದು. ಗಾಳಿ ಬೆಳಕು ಚೆನ್ನಾಗಿತ್ತು. ಶೆಡ್ಡಿಗೆ ಗಾಡಿ ಬಂತು, ಸೊಪ್ಪು ನಡುಮನೆಗೆ ಬಂತು. ಆ ವರ್ಷದಿಂದ ನಾವು ಸೊಪ್ಪಿನ ಹೊರೆಗಳ ನಡುವೆ ಮಲಗಿದೆವು, ಸೊಪ್ಪಿನ ಘಾಟಿನಲ್ಲೇ ಉಂಡೆವು. ಅವರೆಕಾಳು ಸಾರು ಕೂಡ ಕಹಿ ಅನ್ನಿಸುತ್ತಿತ್ತು. ಗಾಡಿಗೆ ಮಾತ್ರ ಸಿಮೆಂಟಿನ ನೆಲ ಆಯಿತು.

ಅಷ್ಟು ಮಾಡಿಸಿಕೊಂಡ ಗಾಡಿ ಒಂದು ವಾರ ನೆಟ್ಟಗಿರಲಿಲ್ಲ. ನಿಂತಲ್ಲೇ ತನ್ನಷ್ಟಕ್ಕೆ ಲಾಕ್ ಆಗಿಬಿಡುತ್ತಿತ್ತು, ಕೀ ಒಳಗೆ, ನಾವು ಹೊರಗೆ. ಹಿಂದಿನ ಎಡಗಡೆಯ ಗಾಜು ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಸೋನೆ ಹಿಡಿದಾಗ ಆ ಜಾಗಕ್ಕೆ ಅವ್ವ ಯೂರಿಯಾ ಚೀಲ ಕಟ್ಟಿ ಕೂರುತ್ತಿದ್ದಳು. ಕೆಲವು ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಗಾಡಿಯ ಹಿಂಭಾಗ ಕುಸಿದು, ಕೆಸರಲ್ಲಿ ಮಲಗಿದ ಎಮ್ಮೆಯ ಹಾಗೆ ನೆಲಕ್ಕಂಟಿರುತ್ತಿತ್ತು. ಸ್ಟಾರ್ಟ್ ಮಾಡಿದರೆ ಬುಸ್ಸೆಂದು ನಿಧಾನಕ್ಕೆ ಏಳುತ್ತಿತ್ತು. ಇವೆಲ್ಲ ಹೇಗೋ ಸಹಿಸುವಂಥವು. ಸಹಿಸಲಾಗದ್ದು ಇನ್ನೊಂದಿತ್ತು. ದೂರ ಹೋದಾಗ, ಹಂಪು ಕಂಡು ವೇಗ ಇಳಿಸಿದರೆ, ಮೀಟರಿನ ಹತ್ತಿರ ಹಳದಿ ದೀಪ ಹತ್ತಿ ಇಂಜಿನ್ ಸತ್ತುಹೋಗುತ್ತಿತ್ತು. ಎಷ್ಟು ಕೀ ತಿರುಗಿಸಿದರೂ ಇಲ್ಲ. ಅರ್ಧ ಗಂಟೆ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಇದು ಮೊದಲಿನಿಂದಲೂ ಹೀಗೆಯೇ, ಕೊನೆಯ ತನಕವೂ ಹೀಗೆಯೇ.

ಚುಂಚನಕಟ್ಟೆಯಲ್ಲಿ ನೆಂಟರ ಮದುವೆಯಿತ್ತು. ಅಪ್ಪ, ಅವ್ವ, ಅಕ್ಕ, ನಾನು, ಜೊತೆಗೆ ದೊಡ್ಡಪ್ಪ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಜವರಣ್ಣ ಅವತ್ತು ಇಸ್ತ್ರಿ ಶರಟು ಹಾಕಿಕೊಂಡು ಸ್ಟೀರಿಂಗ್ ಹಿಡಿದಿದ್ದ. ಹುಣಸೂರು ದಾಟಿ ಕೆ.ಆರ್. ನಗರದ ರಸ್ತೆಯಲ್ಲಿ ಒಂದು ಊರಿನ ಮುಂದೆ ಗಾಡಿ ನಿಂತಿತು. ಅಂಗಡಿ ಮುಂದೆ ಕೂತಿದ್ದವರು ಎದ್ದು ಬಂದು ಸುತ್ತ ನಿಂತರು. ಅಪ್ಪನ ಮುಖ ಕೆಂಪಾಯಿತು. ಈ ಗಾಡಿ ತರುವಾಗಲೇ ಬೇಡವೆಂದಿದ್ದ ದೊಡ್ಡಪ್ಪ ಬೀಡಿ ಹಚ್ಚಿಕೊಂಡು ಗಾಡಿಯನ್ನು ಒಂದು ಸುತ್ತು ಹಾಕಿ, ಎಲ್ಲರಿಗೂ ಕೇಳುವ ಹಾಗೆ ಅಂದ:

“ಮುಟ್ಟಾಗಿರೋರು ಯಾರಾರ ಅತ್ತಿ ಕೂತವ್ರೇನ್ಲಾ ಇದ್ಕೆ? ಒಳ್ಗಡೆ ಸ್ವಾಮಿ ಪಟ ಬ್ಯಾರೆ ಮಡ್ಗಿದ್ದೀಯ.”

ಅಕ್ಕ ತಲೆ ತಗ್ಗಿಸಿದಳು. ಅಷ್ಟೇ ಸಾಕಾಯಿತು. ದೊಡ್ಡಪ್ಪ ಅದನ್ನು ತಮಾಷೆಗೆ ಅಂದನೋ ನಿಜಕ್ಕೆ ಅಂದನೋ ನನಗೆ ಗೊತ್ತಿಲ್ಲ. ಅಪ್ಪನಿಗೆ ಮಾತ್ರ ಮುಳುಗುವವನಿಗೆ ಹಗ್ಗ ಸಿಕ್ಕಿದಂತಾಯಿತು. ಅಕ್ಕನನ್ನು ಇಳಿಸಿದರು. ಹದಿನೇಳರ ಹುಡುಗಿ, ಮದುವೆಗೆಂದು ಅವ್ವನ ರೇಷ್ಮೆ ಸೀರೆ ಉಟ್ಟವಳು, ಗೊತ್ತಿಲ್ಲದ ಊರಿನ ಗಂಡಸರ ಮುಂದೆ ತಾನೇಕೆ ಇಳಿದೆ ಎಂದು ಎಲ್ಲರಿಗೂ ಗೊತ್ತಾಗುವ ಹಾಗೆ ಹೊಂಗೆ ಮರದ ಕೆಳಗೆ ನಿಂತಳು. ಅರ್ಧ ಗಂಟೆಯ ಮೇಲೆ ಗಾಡಿ ಸ್ಟಾರ್ಟಾಯಿತು. ಅಪ್ಪ ಒಂದು ಕೈ ಸ್ಟೀರಿಂಗಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡ. ಅಕ್ಕನಿಗೆ ಬಸ್ಸು ಹತ್ತಿ ಬರಲು ಹೇಳಿದ. ಅವ್ವ ಗಾಡಿಯಿಂದ ಇಳಿದು ಅಕ್ಕನ ಪಕ್ಕ ನಿಂತಳು. ಅವರಿಬ್ಬರೂ ಛತ್ರಕ್ಕೆ ಬರುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ಅಕ್ಕ ಊಟಕ್ಕೂ ಕೂರಲಿಲ್ಲ.

ಅಲ್ಲಿಂದ ಶುರುವಾಯಿತು. ಗಾಡಿ ಹೊರಡುವ ಮುಂಚೆ ಅಪ್ಪ ತೊಟ್ಟಿಯಂಗಳದಲ್ಲಿ ನಿಂತು ಕೂಗುತ್ತಿದ್ದ:

“ಎಲ್ಲಾ ಸರ್ಯಾಗಿದ್ದೀರಾ?”

ಕೇಳಿದವರು ಎಂಥ ಒಳ್ಳೆ ಯಜಮಾನ, ಮನೆಯವರ ಯೋಗಕ್ಷೇಮ ವಿಚಾರಿಸಿಕೊಂಡು ಹೊರಡುತ್ತಾನೆ ಅಂದುಕೊಳ್ಳಬೇಕು. ಅದರ ಅರ್ಥ ನಮಗೆ ಗೊತ್ತಿತ್ತು, ಜವರಣ್ಣನಿಗೆ ಗೊತ್ತಿತ್ತು, ಆಮೇಲಾಮೇಲೆ ಹಾಲು ಹಾಕುವವಳಿಗೂ ಗೊತ್ತಾಯಿತು. ನಾವು ಸರಿಯಾಗಿದ್ದರೆ ‘ಊಂ’ ಅನ್ನಬೇಕು. ಇಲ್ಲದಿದ್ದರೆ ಸುಮ್ಮನೆ ಒಳಗೆ ಹೋಗಿ ಹಾಕಿಕೊಂಡಿದ್ದ ಒಳ್ಳೆ ಬಟ್ಟೆ ಬಿಚ್ಚಬೇಕು. ಪಿರಿಯಾಪಟ್ಟಣದ ಚಿಕ್ಕಮ್ಮನ ಮನೆ, ಹುಣಸೂರಿನ ಬಟ್ಟೆ ಅಂಗಡಿ, ಬೀಚನಹಳ್ಳಿಯ ಅಣೆಕಟ್ಟು ನೋಡಲು ಹೊರಟ ದಿನ, ಹೀಗೆ ನಾನು ಬಿಚ್ಚಿದ ಬಟ್ಟೆಗಳು ನನಗೆ ಒಂದೊಂದೂ ನೆನಪಿವೆ. ಆಮೇಲೆ ಕಾನೂನು ಬೆಳೆಯಿತು. ಗಾಡಿ ಕುಸಿದು ಕೂತ ಬೆಳಗ್ಗೆ ಹಿಂದಿನ ಸಂಜೆ ಶೆಡ್ಡಿನ ಕಡೆ ಯಾರು ಹೋಗಿದ್ದಿರಿ ಎಂಬ ವಿಚಾರಣೆ. ಗಾಜು ಏರದಿದ್ದರೆ ಯಾರು ಮುಟ್ಟಿದಿರಿ. ಲಾಕ್ ಬಿದ್ದರೆ ಶೆಡ್ಡಿನ ಮುಂದಿನ ತಂತಿಯ ಮೇಲೆ ಯಾರ ಬಟ್ಟೆ ಒಣಗುತ್ತಿತ್ತು. ಅಜ್ಜಿಯಾದರೂ ಮೂರು ದಿನ ಮೂಲೆಯಲ್ಲಿ ಕೂರಿಸಿ ಬಿಡುತ್ತಿದ್ದಳು. ಈ ಗಾಡಿ ತಿಂಗಳು ಪೂರ್ತಿ ನಮ್ಮ ಮೈ ಕಾಯುತ್ತಿತ್ತು. ಅಪ್ಪ ಒಬ್ಬನೇ ಹೋದಾಗ ಅದು ನಿಲ್ಲುತ್ತಿತ್ತೋ ಇಲ್ಲವೋ, ಅದರ ಬಗ್ಗೆ ಅವನು ಬಾಯಿ ಬಿಡುತ್ತಿರಲಿಲ್ಲ. ತಡವಾಗಿ ಬಂದಾಗ ಕೈಯಲ್ಲಿನ ಗ್ರೀಸು ನೋಡಿ ನಾವು ಊಹಿಸಿಕೊಳ್ಳಬೇಕಿತ್ತು.

ಹುಣಸೂರಿನ ಮೆಕ್ಯಾನಿಕ್ಕಿಗೆ ಗಾಡಿಯ ರೋಗ ಗೊತ್ತಿತ್ತು ಅನ್ನುವುದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಒಂದು ಮಧ್ಯಾಹ್ನ ಅವ್ವ ಬಡಿಸುತ್ತಿದ್ದಾಗ ಜವರಣ್ಣ ಬಾಯಿ ತಪ್ಪಿ ಹೇಳಿಬಿಟ್ಟ.

“ಇಂಜಿನ್ ಕಾದ್ರೆ ಅದ್ಯಾವ್ದೋ ಸೆನ್ಸರ್ ಕೈ ಕೊಡ್ತದಂತೆ ಕಣವ್ವ, ತಣ್ಣಗಾದ್ರೆ ತಾನೇ ಸರಿ ಓಯ್ತದಂತೆ. ಇಲ್ಲೆಲ್ಲೂ ಸಿಕ್ಕಾಕಿಲ್ವಂತೆ ಆ ಸಾಮಾನು. ಆ ಸಾವ್ಕಾರ್ರು ಅದ್ಕೇ ಮಾರಿರೋದು ಅಂದ ಅವ್ನು. ಯಾರ್ಗೂ ಯೋಳ್ಬ್ಯಾಡ ಅಂದವ್ರೆ ಯಜಮಾನ್ರು.”

ಅವತ್ತು ರಾತ್ರಿ ಊಟದ ಹೊತ್ತಿಗೆ ಅವ್ವ ಅಪ್ಪನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಡದೆ ಸೌಟು ಹಿಡಿದು ನಿಂತಳು.

“ಮೆಕ್ಯಾನಿಕ್ಕು ಯೋಳಿದ್ನಂತೆ. ಗೊತ್ತಿದ್ದೂ ಗೊತ್ತಿದ್ದೂ ಮಕ್ಕಳ ಮರ್ವಾದೆ ಕಳೀತಾ ಇದ್ದೀರಲ್ಲ?”

“ಅವ್ನಿಗೇನ್ ಗೊತ್ತು, ಟ್ರ್ಯಾಕ್ಟರ್ ರಿಪೇರಿ ಮಾಡೋನಿಗೆ? ಸಾವ್ಕಾರ್ರು ನಂಗೆ ಮೋಸ ಮಾಡೋರಲ್ಲ ಕಣಮ್ಮಿ. ಸಾರು ಬುಡು.”

ಅವ್ವ ಸೌಟನ್ನು ಪಾತ್ರೆಯೊಳಗೇ ಬಿಟ್ಟು ಹಿತ್ತಿಲಿಗೆ ಹೋದಳು. ಅಪ್ಪನ ಕಷ್ಟ ಈಗ ನನಗೆ ಅರ್ಥವಾಗುತ್ತದೆ. ಗಾಡಿ ಕೆಟ್ಟದ್ದು ಎಂದು ಒಪ್ಪಿಕೊಂಡರೆ ತಾನು ಮೋಸಹೋದೆ ಎಂದು ದೊಡ್ಡಪ್ಪನ ಮುಂದೆ, ಊರಿನ ಮುಂದೆ ಒಪ್ಪಿಕೊಳ್ಳಬೇಕಿತ್ತು. ಅದಕ್ಕಿಂತ ಹೆಂಡತಿ ಮಕ್ಕಳನ್ನು ಕೆಟ್ಟವರು ಅನ್ನುವುದು ಸುಲಭವಾಗಿತ್ತು. ಅರ್ಥವಾಯಿತೆಂದು ಸಿಟ್ಟು ಇಳಿಯಬೇಕೆಂದೇನೂ ಇಲ್ಲ, ನನ್ನದು ಇಳಿದಿಲ್ಲ.

ಮುಂದಿನ ಮಳೆಗಾಲದಲ್ಲಿ ಅವ್ವನಿಗೆ ಮುಟ್ಟು ಶುರುವಾದದ್ದು ನಿಲ್ಲಲಿಲ್ಲ. ಮೂರು ದಿನ ಹೋಗಿ ವಾರವಾಯಿತು, ವಾರ ಹೋಗಿ ತಿಂಗಳು ದಾಟಿತು. ಹಳೆ ಸೀರೆಗಳೆಲ್ಲ ಖಾಲಿಯಾದವು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಲು ಕೂತವಳು ಹಾಗೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಉಗುರುಗಳು ಬೆಳ್ಳಗಾಗಿದ್ದವು. ಅಕ್ಕ ಅವಳನ್ನು ಬಸ್ಸಿನಲ್ಲಿ ಹುಣಸೂರಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಗರ್ಭಕೋಶದಲ್ಲಿ ಗಡ್ಡೆ ಇರುವ ಹಾಗಿದೆ, ತಡ ಮಾಡದೆ ಮೈಸೂರಿಗೆ ಹೋಗಿ ಎಂದು ಕಳಿಸಿದರು. ಅಪ್ಪ ಹೆದರಿದ. ನಿಜಕ್ಕೂ ಹೆದರಿದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವನ ಬಾಯಿಂದ ಬಂದ ಮಾತು ಇದು:

“ಮದ್ಲು ನಿಂತ್ಕಳ್ಳಿ ಬುಡು. ನಿಂತ್ ಮ್ಯಾಲೆ ನಮ್ ಗಾಡೀಲೇ ರಾಣಿ ಅಂಗೆ ಕರ್ಕಂಡೋಯ್ತೀನಿ.”

ಅವ್ವನಿಗೆ ಜೋರಾಗಿ ಮಾತಾಡುವ ಶಕ್ತಿ ಇರಲಿಲ್ಲ.

“ನಿಂತ್ರೆ ಆಸ್ಪತ್ರೆಗೆ ಯಾಕೋಗ್ಬೇಕು?”

ರಕ್ತ ಹೋಗುತ್ತಿದೆ ಎಂದು ಆಸ್ಪತ್ರೆಗೆ ಹೋಗಬೇಕು, ರಕ್ತ ಹೋಗುತ್ತಿರುವುದರಿಂದಲೇ ಗಾಡಿ ಹತ್ತುವಂತಿಲ್ಲ. ಹುಣಸೂರಿನಿಂದ ಬಾಡಿಗೆ ಕಾರು ತರಿಸೋಣ ಎಂದು ಅಕ್ಕ ಅಂದಳು. ಇಂಥ ಗಾಡಿ ಮನೆಯಲ್ಲಿಟ್ಟುಕೊಂಡು ಬಾಡಿಗೆ ಕಾರು ತಂದರೆ ಜನ ಏನಂತಾರೆ ಎಂದು ಅಪ್ಪ ಒಪ್ಪಲಿಲ್ಲ. ಹೀಗೇ ಇನ್ನೂ ಕೆಲವು ದಿನ ಹೋದವು. ಒಂದು ಬೆಳಗ್ಗೆ ಅವ್ವ ಬಚ್ಚಲಿಗೆ ನೀರು ತರುವಾಗ ಬಿದ್ದಳು. ಅಕ್ಕ ಅಪ್ಪನ ಎದುರು ನಿಂತು ಕಿರುಚಾಡಿದಳು. ಅಪ್ಪ ಗಾಡಿಯ ಕೀ ಕೈಯಲ್ಲಿ ಹಿಡಿದು ತೊಟ್ಟಿಯಲ್ಲಿ ಅತ್ತಿತ್ತ ತಿರುಗಾಡಿದ. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಅಂಥ ತೀರ್ಮಾನ.

“ದಾರೀಲಿ ನಿಂತೋದ್ರೆ ಇವಳ್ನ ಇಟ್ಕಂಡು ನಾನೇನ್ ಮಾಡ್ಲಿ? ಬಸ್ಸೇ ವಾಸಿ. ನೀವು ಬಸ್ಗೋಗಿ, ನಾನು ಗಾಡೀಲಿ ಇಂದ್ಗಡೆನೇ ಬತ್ತೀನಿ. ಎದ್ರುಕೋಬ್ಯಾಡಿ.”

ಸೊಪ್ಪು ಒಣಗಿಸುವ ಬ್ಯಾರನ್ ಮನೆಗೆ ಸೊಪ್ಪು ತುಂಬಿ ಬೆಂಕಿ ಹಾಕಿಯಾಗಿತ್ತು, ಅದರ ಕಾವು ನೋಡಿಕೊಳ್ಳಲು ಯಾರಾದರೂ ಇರಲೇಬೇಕಿತ್ತು. ಅಕ್ಕ ಉಳಿದಳು. ಅವ್ವನ ಜೊತೆ ನಾನು ಹೊರಟೆ. ನನಗಾಗ ಹದಿನಾಲ್ಕು. ಹುಣಸೂರಿನಲ್ಲಿ ಮೈಸೂರಿನ ಬಸ್ಸು ಹತ್ತಿದೆವು. ಸೀಟು ಖಾಲಿಯಿದ್ದವು, ಆದರೆ ಅವ್ವ ಕೂರಲಿಲ್ಲ. ಸೀಟು ಕೊಳೆಯಾದರೆ ಎಂಬ ಭಯ ಅವಳಿಗೆ. ಕಂಬಿ ಹಿಡಿದು, ಸೆರಗನ್ನು ಹಿಂದಕ್ಕೆ ಸುತ್ತಿಕೊಂಡು ನಿಂತಳು. ಕಂಡಕ್ಟರ್ ಎರಡು ಸಲ ಹೇಳಿದ:

“ಕೂತ್ಕಳಮ್ಮ, ಸೀಟ್ ಐತಲ್ಲ.”

“ಪರ್ವಾಗಿಲ್ಲ ಕಣಪ್ಪ, ಇಲ್ಲೇ ಮುಂದೆ ಇಳೀತೀವಿ.”

ಮೈಸೂರಿನ ತನಕ ಟಿಕೆಟ್ ಕೊಟ್ಟವನಿಗೇ ಅವ್ವ ಹಾಗೆ ಹೇಳಿದಳು. ನಾನು ಅವಳ ಸೊಂಟ ತಬ್ಬಿಕೊಂಡು ಹಿಂದಿನ ಗಾಜಿನ ಕಡೆ ನೋಡುತ್ತಿದ್ದೆ. ದೊಡ್ಡ ಗಾಡಿ ಹೆಡ್‌ಲೈಟು ಹಾಕಿಕೊಂಡು ನಮ್ಮ ಹಿಂದೆಯೇ ಬರುತ್ತಿತ್ತು. ಒಳಗೆ ಐದಾರು ಜನ ಕಾಲು ಚಾಚಿ ಕೂರುವಷ್ಟು ಜಾಗ, ಮೆತ್ತನೆಯ ಚರ್ಮದ ಸೀಟು, ತಣ್ಣಗಿನ ಗಾಳಿ. ಕೂತಿದ್ದವನು ಅಪ್ಪ ಒಬ್ಬನೇ. ನಮ್ಮ ಬಸ್ಸು ನಿಂತಲ್ಲೆಲ್ಲ ಅವನೂ ನಿಲ್ಲಿಸುತ್ತಿದ್ದ, ಹೊರಟಾಗ ಹೊರಡುತ್ತಿದ್ದ. ಒಮ್ಮೆ ನನ್ನ ಕಡೆ ಕೈಯನ್ನೂ ಬೀಸಿದ. ಬಿಳಿಕೆರೆಯಲ್ಲಿ ಬಸ್ಸು ಜನ ಇಳಿಸಿ ಹೊರಟಾಗ ದೊಡ್ಡ ಗಾಡಿ ಹಂಪಿನ ಹತ್ತಿರವೇ ಉಳಿಯಿತು. ಅಪ್ಪ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತದ್ದು ಕಾಣಿಸಿತು. ಆಮೇಲೆ ರಸ್ತೆ ತಿರುಗಿತು.

“ಅವ್ವ, ಗಾಡಿ ನಿಂತೋಯ್ತು.”

ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಇಷ್ಟು ದಿನ ಏನು ಮಾಡುತ್ತಿದ್ದಿರಿ, ಮೈಯಲ್ಲಿ ರಕ್ತವೇ ಇಲ್ಲ, ಇನ್ನೆರಡು ದಿನ ಬಿಟ್ಟಿದ್ದರೆ ಹೆಣ ತರುತ್ತಿದ್ದಿರಿ ಎಂದು ಅಲ್ಲಿನ ಡಾಕ್ಟರು ಬೈದರು. ಬೈಸಿಕೊಂಡವಳು ನಾನು, ಯಾಕೆಂದರೆ ಜೊತೆಯಲ್ಲಿ ಇದ್ದವಳು ನಾನೊಬ್ಬಳೇ. ಅವ್ವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅಪ್ಪ ಬಂದ. ಶರಟಿಗೆ ಗ್ರೀಸಾಗಿತ್ತು. ಟ್ರಾಫಿಕ್ಕಿತ್ತು ಅಂದ. ಬಿಳಿಕೆರೆಯಲ್ಲಿ ಟ್ರಾಫಿಕ್ಕು! ಆಮೇಲೆ ಕಾರಿಡಾರಿನ ಬೆಂಚಿನಲ್ಲಿ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವ್ವನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. ಪ್ರೀತಿ ಇತ್ತು, ಇದ್ದೂ ಬಸ್ಸು ಹತ್ತಿಸಿದ. ನನಗೆ ತಡೆದುಕೊಳ್ಳಲಾಗದ್ದು ಅದೇ.

ಬೇರೆಯವರ ರಕ್ತ ಕೊಟ್ಟು, ಆಪರೇಷನ್ ಮಾಡಿ, ಗರ್ಭಕೋಶ ತೆಗೆದರು. ಅವ್ವ ಉಳಿದಳು. ಮನೆಗೆ ಕಳಿಸುವ ದಿನ ಅಪ್ಪ ಗಾಡಿಯನ್ನು ತೊಳೆಸಿ, ಹೊಸ ನಿಂಬೆಹಣ್ಣು ಕಟ್ಟಿಸಿಕೊಂಡು ಬಂದಿದ್ದ. ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಮೆಟ್ಟಿಲು ಇಳಿದ ಅವ್ವನಿಗೆ ಮುಂದಿನ ಬಾಗಿಲನ್ನು ತಾನೇ ತೆಗೆದ. ಅವನ ಮುಖದಲ್ಲಿ ಸಂತೋಷವಿತ್ತು.

“ಬಾ, ಮುಂದ್ಕೇ ಕೂತ್ಕ. ಇನ್ನು ನಿಂಗೆ ಆ ತಾಪತ್ರಯ ಇಲ್ವಲ್ಲ.”

ಆಮೇಲೆ ನನ್ನ ಕಡೆ ತಿರುಗಿ, ರೂಢಿಯಂತೆ ಕೇಳಿದ:

“ನೀನು ಸರ್ಯಾಗಿದ್ದೀಯೇನವ್ವ?”

ನಾನು ಸರಿಯಾಗಿರಲಿಲ್ಲ. ಹಿಂದಿನ ದಿನವೇ ಆಸ್ಪತ್ರೆಯಲ್ಲಿ ಮುಟ್ಟಾಗಿದ್ದೆ. ಇಷ್ಟು ದಿನದ ಅಭ್ಯಾಸ, ನನ್ನ ಕಾಲು ಆಗಲೇ ಬಸ್‌ಸ್ಟಾಪಿನ ಕಡೆ ತಿರುಗಿತ್ತು. ಅವ್ವ ನನ್ನ ಮುಂಗೈ ಹಿಡಿದುಕೊಂಡಳು.

“ಅವಳ್ನ ಆಮ್ಯಾಕೆ ಕೇಳೀರಂತೆ. ಆವತ್ತು ಬಿಳಿಕೆರೇಲಿ ನಿಂತೋಯ್ತಲ್ಲ, ಆಗ ಗಾಡೀಲಿ ಯಾರಿದ್ರು?”

ಅಪ್ಪ ಕೀ ಗೊಂಚಲನ್ನು ನೋಡಿಕೊಂಡು ನಿಂತ.

“ಯೋಳಿ. ನಾನು ಬಸ್ಸಲ್ಲಿದ್ದೆ, ಇವಳೂ ಬಸ್ಸಲ್ಲಿದ್ಲು. ಗಾಡೀಲಿ ಯಾರಿದ್ರು?”

“ನಾನೊಬ್ನೇ ಇದ್ದೆ ಕಣಮ್ಮಿ.”

“ಎಷ್ಟೊತ್ತು ನಿಂತಿತ್ತು?”

“ಯಾವಾಗ್ಲೂ ನಿಲ್ಲೋ ಅಷ್ಟೇ. ಅರ್ಧ ಗಂಟೆ.”

“ನಾನಿದ್ದಿದ್ರೂ ಅರ್ಧ ಗಂಟೆನೇ ತಾನೆ? ಸೀಟ್ಗೆ ಒರಗ್ಕಂಡು ಕಾಯ್ತಿದ್ದೆ. ಕಂಬಿ ಇಡ್ಕಂಡು ಮೈಸೂರ್ಗಂಟ ನಿಲ್ಲಿಸ್ಬುಟ್ರಲ್ಲ ನನ್ನ.”

ಅವ್ವ ಅಳಲಿಲ್ಲ, ದನಿ ಏರಿಸಲಿಲ್ಲ. ಹೊಲಿಗೆ ಹಾಕಿದ ಹೊಟ್ಟೆಯಿಂದ ದನಿ ಏರಿಸಲು ಆಗುತ್ತಲೂ ಇರಲಿಲ್ಲ. ಹಿಂದಿನ ಬಾಗಿಲನ್ನು ತಾನೇ ತೆಗೆದು, ಸೀಟು ಹಿಡಿದು ಮೆಲ್ಲಗೆ ಹತ್ತಿ ಕೂತಳು. ಅಲ್ಲಿಂದಲೇ ನನಗೆ ಹೇಳಿದಳು:

“ನೀನು ಮುಂದ್ಕೆ ಕೂತ್ಕ ಮಗ.”

“ಅಪ್ಪ, ನಾನು ಮುಟ್ಟಾಗಿದೀನಿ,” ಅಂದೆ. ಗೇಟಿನ ಕಾವಲಿನವನು ತಿರುಗಿ ನೋಡುವಷ್ಟು ಜೋರಾಗಿ ಅಂದೆ. ಆ ಮಾತನ್ನು ಅಷ್ಟು ಜೋರಾಗಿ ಅಂದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅಂದು, ತೆರೆದೇ ಇದ್ದ ಮುಂದಿನ ಬಾಗಿಲಿನಿಂದ ಹತ್ತಿ ಸ್ವಾಮಿಯ ಪಟದ ಎದುರಿಗೆ ಕೂತೆ. ಅಪ್ಪ ಬಂದು ಕೂತು, ಯಾರ ಮುಖವನ್ನೂ ನೋಡದೆ ಕೀ ತಿರುಗಿಸಿದ. ಗಾಡಿ ಹುಣಸೂರು ರಸ್ತೆಗೆ ಬಂತು.

ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಓದಿದವರಿಗೂ ಹೇಳಿದ್ದೇನೆ, ನನ್ನ ಜೊತೆ ಕೆಲಸ ಮಾಡುವ ಹೆಂಗಸರಿಗೂ ಹೇಳಿದ್ದೇನೆ. ಎಲ್ಲರೂ ಕೇಳಿ ಅಯ್ಯೋ ಅನ್ನುತ್ತಾರೆ, ಅಪ್ಪನನ್ನು ಬೈಯುತ್ತಾರೆ, ಕೆಲವರು ಕಣ್ಣು ಒರೆಸಿಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ, ಅವತ್ತು ನೀನು ಮುಂದೆ ಕೂತಿದ್ದಾಗ ಗಾಡಿ ನಿಂತಿತಾ ಎಂದು. ಅದನ್ನು ಕೇಳದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ನಿಂತಿದ್ದರೆ ಏನಂತ, ನಿಲ್ಲದಿದ್ದರೆ ಏನಂತ? ನಾನು ಅವರಿಗೆ ಉತ್ತರ ಹೇಳುವುದಿಲ್ಲ.